ನಮ್ಮ ಶಾಲೆಯ ವಾರದ ಸುದ್ದಿಯನ್ನು ಯಾರೂ ಓದುತ್ತಿಲ್ಲ, ಏನು ಮಾಡಬಹುದು?

ಎರಡು_ಕೊಠಡಿ_ಮೇಷ್ಟ್ರು ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮೇಷ್ಟ್ರು. ಒಂದರಿಂದ ಐದನೇ ತರಗತಿ, 31 ಮಕ್ಕಳು, ಇಬ್ಬರು ಶಿಕ್ಷಕರು. ಒಂದರಿಂದ ಮೂರು ನಲಿ-ಕಲಿ (ಮೂರೂ ತರಗತಿಯನ್ನು ಒಟ್ಟಿಗೆ ಕೂರಿಸಿ ಚಟುವಟಿಕೆಯಿಂದ ಕಲಿಸುವುದು), ಅದನ್ನು ನಮ್ಮ ಮೇಡಂ ನೋಡಿಕೊಳ್ಳುತ್ತಾರೆ. ನಾಲ್ಕು, ಐದು ನನ್ನ ಪಾಲು. ಹೆಡ್ ಮಾಸ್ಟರ್ ಕೆಲಸವೂ ನನ್ನ ತಲೆ ಮೇಲೇ ಇದೆ.

ಜೂನ್‌ನಲ್ಲಿ ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆ ಮಾಡಿದಾಗ ಒಬ್ಬ ತಾಯಿ ಕೇಳಿದರು, "ಸಾ, ಇಸ್ಕೂಲಲ್ಲಿ ವಾರವೆಲ್ಲ ಏನ್ ನಡೀತದೆ ಅಂತ ನಮಗೆ ಗೊತ್ತೇ ಆಗಲ್ಲ, ಮಗನ್ನ ಕೇಳಿದ್ರೆ ಏನಿಲ್ಲ ಅಂತಾನೆ, ದಿನಾ ಏನಿಲ್ಲ ಅಂದ್ರೆ ಏನ್ ಮಾಡ್ತೀರ ನೀವು?" ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮಾತು ಸರಿಯಾಗಿಯೇ ಇತ್ತು. ಅವತ್ತಿನಿಂದ ಪ್ರತಿ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಕೂತು, ಪೋಷಕರ ವಾಟ್ಸಾಪ್ ಗುಂಪಿನಲ್ಲಿ ವಾರದ ಸುದ್ದಿ ಹಾಕುತ್ತಿದ್ದೇನೆ. ಹೀಗಿರುತ್ತದೆ:

"ಈ ವಾರ ನಮ್ಮ ಶಾಲೆಯಲ್ಲಿ ವಿವಿಧ ಶೈಕ್ಷಣಿಕ ಹಾಗೂ ಸಹಪಠ್ಯ ಚಟುವಟಿಕೆಗಳನ್ನು ಯಶಸ್ವಿಯಾಗಿ ಹಮ್ಮಿಕೊಳ್ಳಲಾಯಿತು. ಸೋಮವಾರ ಪ್ರಾರ್ಥನಾ ಸಭೆಯಲ್ಲಿ ಸಂವಿಧಾನದ ಪೀಠಿಕೆಯನ್ನು ವಾಚಿಸಲಾಯಿತು. ಬುಧವಾರ ಇಕೋ ಕ್ಲಬ್ ವತಿಯಿಂದ ಕೈತೋಟದ ಸ್ವಚ್ಛತಾ ಕಾರ್ಯ ನೆರವೇರಿತು..."

ಹೀಗೆ ಒಂದು ಪುಟ. ಜೊತೆಗೆ ಹತ್ತು ಹನ್ನೆರಡು ಫೋಟೋ.

ಒಟ್ಟು 27 ಮನೆ. ಗುಂಪಿನಲ್ಲಿರುವುದು 22 ನಂಬರ್. ಯಾರು ನೋಡಿದ್ದಾರೆ ಅಂತ ಹೋದ ವಾರ ಲೆಕ್ಕ ಹಾಕಿದೆ, ಒಂಬತ್ತು ಜನ. ಎರಡು ಹೆಬ್ಬೆರಳು ಬಂದಿದ್ದವು. ಒಂದು ಎಸ್‌ಡಿಎಂಸಿ ಅಧ್ಯಕ್ಷರದ್ದು, ಇನ್ನೊಂದು ನಮ್ಮ ಮೇಡಂ ಅವರದ್ದೇ.

ಇದನ್ನು ಇಲ್ಲಿ ಕೇಳುವುದಕ್ಕೆ ಒಂದು ಕಾರಣ ಇದೆ. ನವೆಂಬರ್ 14ಕ್ಕೆ ಮಕ್ಕಳ ಸಂತೆ ಇಟ್ಟಿದ್ದೆವು. ಮನೆಯಲ್ಲಿ ಬೆಳೆದ ಸೊಪ್ಪು, ಕಾಯಿ, ನಿಂಬೆಹಣ್ಣು, ಏನಿದ್ದರೂ ಸ್ವಲ್ಪ ಕೊಟ್ಟು ಕಳಿಸಿ ಅಂತ ಹಿಂದಿನ ಶನಿವಾರದ ಸುದ್ದಿಯಲ್ಲಿ ಬರೆದಿದ್ದೆ. ನಾಲ್ಕನೇ ಪ್ಯಾರಾದಲ್ಲಿ. ಬಂದದ್ದು ನಾಲ್ಕು ಮಕ್ಕಳ ಬುಟ್ಟಿ ಮಾತ್ರ. ಉಳಿದವರು ಸುಮ್ನೆ ನಿಂತು ನೋಡಿದರು. ಐದನೇ ತರಗತಿಯ ಒಂದು ಹುಡುಗಿ ಅಳುತ್ತಾ ಮನೆಗೆ ಹೋದಳು. ಸಂಜೆ ಅವರಮ್ಮ ಬಂದು "ಹಿತ್ತಲಲ್ಲಿ ಒಂದು ಚಪ್ಪರ ಅವರೆಕಾಯಿ ಇತ್ತಲ್ಲ ಸಾ, ಒಂದು ಮಾತು ಹೇಳಬಾರದಿತ್ತಾ" ಅಂದರು. ಹೇಳಿದ್ದೆನಲ್ಲ, ಗುಂಪಿನಲ್ಲಿ ಹಾಕಿದ್ದೆನಲ್ಲ ಅನ್ನಲು ಬಾಯಿ ಬರಲಿಲ್ಲ.

ಈಗ ಹೇಳಿ. ವಾರದ ಸುದ್ದಿಯಲ್ಲಿ ಏನಿರಬೇಕು, ಎಷ್ಟಿರಬೇಕು? ಫೋಟೋ ಬೇಕಾ? ಯಾರಾದರೂ ಸರಿಯಾಗಿ ನಡೆಸಿದವರು ಇದ್ದೀರಾ, ಅಥವಾ ಇದೆಲ್ಲ ಸುಮ್ನೆ ಶ್ರಮವಾ?

---

ಚಪ್ಪರದಡಿ_ಟೀಚರ್:

ಸರ್, ಬೇಜಾರು ಮಾಡಿಕೊಳ್ಳಬೇಡಿ, "ಹಮ್ಮಿಕೊಳ್ಳಲಾಯಿತು" ಓದಿದ ಕೂಡಲೇ ನನಗೆ ನಗು ಬಂತು. ಅದು ಪೋಷಕರಿಗೆ ಬರೆದದ್ದಲ್ಲ, ಮೇಲಿನವರಿಗೆ ಕಳಿಸುವ ವರದಿ. ನಮಗೆಲ್ಲ ಅದೇ ಅಭ್ಯಾಸ ಆಗಿಹೋಗಿದೆ. ಯಾವ ಕಾರ್ಯಕ್ರಮ ಆದರೂ ಬ್ಯಾನರ್ ಮುಂದೆ ಮಕ್ಕಳನ್ನು ನಿಲ್ಲಿಸಿ, ಜಿಪಿಎಸ್ ಬರುವ ಹಾಗೆ ಫೋಟೋ ಹೊಡೆದು, ಎರಡು ಸಾಲು "ಯಶಸ್ವಿಯಾಗಿ" ಬರೆದು ಕಳಿಸುವುದು. ಅದನ್ನೇ ಅವರೆಕಾಯಿ ಅಮ್ಮನಿಗೂ ಕಳಿಸಿದರೆ ಅವರು ಯಾಕೆ ಓದುತ್ತಾರೆ, ಹೇಳಿ?

ನಾನು ಹಾಸನ ಕಡೆ, ನಲಿ-ಕಲಿ ತಗೊಂಡು ಹನ್ನೊಂದು ವರ್ಷ ಆಯಿತು. ನಮ್ಮಲ್ಲಿ ಸುದ್ದಿಯನ್ನು ಮಕ್ಕಳೇ ಬರೆಯುತ್ತಾರೆ. ಶುಕ್ರವಾರ ಕೊನೆಯ ಪೀರಿಯಡ್. ಒಬ್ಬೊಬ್ಬರಿಗೆ ಒಂದು ಚೀಟಿ, ಒಂದೇ ಸಾಲು. "ಈ ವಾರ ನೀನು ನೋಡಿದ್ದು, ಮನೆಗೆ ಹೋಗಿ ಹೇಳಬೇಕು ಅನ್ನಿಸಿದ್ದು." ಒಂದನೇ ತರಗತಿಯವರು ಚಿತ್ರ ಬಿಡಿಸುತ್ತಾರೆ, ಕೆಳಗೆ ಏನು ಅಂತ ಅಕ್ಕಂದಿರು ಬರೆದುಕೊಡುತ್ತಾರೆ. ಎಲ್ಲವನ್ನೂ ಚಪ್ಪರದ ದಾರಕ್ಕೆ ಸಿಕ್ಕಿಸುತ್ತೇವೆ. (ನಲಿ-ಕಲಿ ಗೊತ್ತಿಲ್ಲದವರಿಗೆ: ತರಗತಿಯಲ್ಲಿ ತಲೆ ಮೇಲೆ ದಾರ ಕಟ್ಟಿ ಮಕ್ಕಳ ಕೆಲಸವನ್ನೆಲ್ಲ ನೇತು ಹಾಕುತ್ತೇವೆ, ಅದಕ್ಕೆ ಚಪ್ಪರ ಅನ್ನುತ್ತೇವೆ.) ಶನಿವಾರ ಅದರಲ್ಲಿ ಎಂಟು ಹತ್ತು ಆರಿಸಿ ಒಂದು ಡ್ರಾಯಿಂಗ್ ಹಾಳೆಗೆ ಅಂಟಿಸುತ್ತೇವೆ. ಆರಿಸುವುದೂ ಮಕ್ಕಳೇ. ವಾರಕ್ಕೆ ಇಬ್ಬರು ಸಂಪಾದಕರು, ಹಾಜರಿ ಪುಸ್ತಕದ ಕ್ರಮದಲ್ಲಿ, ಯಾರನ್ನೂ ಬಿಡುವ ಹಾಗಿಲ್ಲ.

ಹೋದ ವಾರದ್ದರಲ್ಲಿ ಕೆಲವು ಸಾಲು ಹಾಕುತ್ತೇನೆ, ಅವರು ಬರೆದಂತೆಯೇ:

"ಸೋಮವಾರ ಕಟ್ಟಿಗೆ ಹತ್ರ ಹಾವು ಬಂತು. ಟೀಚರ್ ಕುರ್ಚಿ ಮೇಲೆ ಹತ್ತಿದರು. ನಾವು ಹತ್ತಲಿಲ್ಲ."

"ರಾಗಿ ಮಾಲ್ಟು ಬಿಸಿ ಇತ್ತು. ಊದಿ ಊದಿ ಕುಡಿದೆ. ಬೆಲ್ ಆಯಿತು."

"ಬುಧವಾರ ಒಂದು ಮೊಟ್ಟೆ ಒಡೆದಿತ್ತು. ಅಡುಗೆ ಅಜ್ಜಿ ಇನ್ನೊಂದು ಕೊಟ್ಟರು. ಅಜ್ಜಿ ಒಳ್ಳೇವರು."

"ಒಂಬತ್ತರ ಮಗ್ಗಿ ಬಂತು. ಎಂಟರದ್ದು ಬರಲ್ಲ."

ಇದನ್ನು ಓದದೆ ಬಿಡುವ ತಾಯಿ ಇದ್ದಾಳಾ? ಮನೆಗೆ ಹೋಗಿ "ಏನಿಲ್ಲ" ಅನ್ನುವ ಮಗುವೇ ಚೀಟಿಯಲ್ಲಿ ಇಷ್ಟು ಹೇಳುತ್ತದೆ. ಕಾಗುಣಿತ ನಾನು ತಿದ್ದುವುದಿಲ್ಲ. ಈ ವಿಷಯಕ್ಕೆ ಸಹೋದ್ಯೋಗಿಗಳ ಜೊತೆ ಜಗಳ ಆಗಿದೆ, ಆದರೂ ತಿದ್ದುವುದಿಲ್ಲ. ಜೂನ್ ಹಾಳೆಯನ್ನೂ ಫೆಬ್ರುವರಿ ಹಾಳೆಯನ್ನೂ ಪಕ್ಕ ಪಕ್ಕ ಇಟ್ಟರೆ ಅದೇ ಮಗುವಿನ ಪ್ರಗತಿ ಪತ್ರ.

ನೀವು ಬರೆಯಬೇಕಾದದ್ದು ಕೆಳಗೆ ಮೂರೇ ಸಾಲು, ಪೋಷಕರಿಗೆ ಕೆಲಸ ಇರುವಂಥದ್ದು. ಉದಾಹರಣೆಗೆ ನಮ್ಮಲ್ಲಿ ವಾರಕ್ಕೊಮ್ಮೆ ಊಟ ಆದ ಮೇಲೆ ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುತ್ತೇವೆ. ಅದು ತಗೊಂಡರೆ ಮಲ ಕಪ್ಪಗೆ ಹೋಗುತ್ತದೆ. ಒಬ್ಬರು ಅದನ್ನು ನೋಡಿ ಹೆದರಿ "ನಮ್ಮ ಮಗೂಗೆ ಮಾತ್ರೆ ಬೇಡ" ಅಂತ ನಿಲ್ಲಿಸಿಬಿಟ್ಟಿದ್ದರು, ಅವರನ್ನು ನೋಡಿ ಇನ್ನೂ ಮೂರು ಮನೆ. "ಮಾತ್ರೆ ಕೊಟ್ಟಿದ್ದೇವೆ, ಕಪ್ಪಗಾದರೆ ಹೆದರಬೇಡಿ, ಅದು ಕಬ್ಬಿಣಾಂಶದ್ದು" ಅಂತ ಒಂದು ಸಾಲು ಮೊದಲೇ ಬರೆದಿದ್ದರೆ ನಾನು ನಾಲ್ಕು ಮನೆ ಬಾಗಿಲಿಗೆ ಹೋಗುವುದು ತಪ್ಪುತ್ತಿತ್ತು. ಇಂಥ ಸಾಲು ಸಾಕು. ಸ್ವಚ್ಛತಾ ಕಾರ್ಯ ನೆರವೇರಿದ್ದು ಯಾರಿಗೂ ಬೇಡ.

---

ಹಾಲು_ಡೇರಿ_ಲೆಕ್ಕ:

ನಾನು ಶಿಕ್ಷಕ ಅಲ್ಲ. ಮಂಡ್ಯ ಕಡೆ ನಮ್ಮೂರ ಹಾಲಿನ ಸೊಸೈಟಿಯಲ್ಲಿ ಕೆಲಸ, ಎರಡು ಮಕ್ಕಳು ಊರ ಶಾಲೆಯಲ್ಲಿ, ಹೋದ ಅವಧಿಗೆ ಎಸ್‌ಡಿಎಂಸಿಯಲ್ಲೂ ಇದ್ದೆ.

ಮೇಷ್ಟ್ರೇ, ನಿಮ್ಮ 22 ನಂಬರ್ ಯಾರ ಜೇಬಲ್ಲಿ ಇದೆ ಅಂತ ಮೊದಲು ನೋಡಿ. ಮನೆಗೆ ಒಂದೇ ದೊಡ್ಡ ಫೋನ್, ಅದು ಯಜಮಾನನ ಹತ್ತಿರ. ಅವನು ಗಾರೆ ಕೆಲಸಕ್ಕೋ, ಲಾರಿಗೋ, ಬೆಂಗಳೂರಿಗೋ ಹೋಗಿರುತ್ತಾನೆ. ಸುದ್ದಿ ಅವನ ಫೋನಿಗೆ ಬಂದು ಅಲ್ಲೇ ಮಲಗುತ್ತದೆ. ಮಗುವನ್ನು ರೆಡಿ ಮಾಡಿ ಕಳಿಸುವ ಹೆಂಗಸಿನ ಕೈಯಲ್ಲಿ ಇರುವುದು ಬಟನ್ ಫೋನ್. ಅವರೆಕಾಯಿ ಕಥೆ ಆದದ್ದೂ ಹೀಗೇ ಇರಬೇಕು.

ಆ ಹೆಂಗಸರೆಲ್ಲ ದಿನಾ ಎರಡು ಸಲ ಎಲ್ಲಿಗೆ ಬರುತ್ತಾರೆ? ಡೇರಿಗೆ. ಬೆಳಿಗ್ಗೆ ಆರೂವರೆ, ಸಂಜೆ ಐದೂವರೆ. ಹಾಲು ಅಳೆದು, ಸ್ಯಾಂಪಲ್ ತೆಗೆದು, ಮಿಷನ್‌ನಲ್ಲಿ ಫ್ಯಾಟು ಬರುವ ತನಕ ಸಾಲಲ್ಲಿ ನಿಂತಿರುತ್ತಾರೆ. ಆ ಐದು ಹತ್ತು ನಿಮಿಷ ಏನೂ ಕೆಲಸ ಇಲ್ಲ, ಗೋಡೆ ನೋಡಿಕೊಂಡು ನಿಲ್ಲಬೇಕು. ಗೋಡೆ ಮೇಲೆ ಏನಿದೆ? ಪಶು ಆಹಾರದ ರೇಟು, ಯಾರದೋ ತಿಥಿ ಕಾರ್ಡು. ಅಲ್ಲಿ ಹಾಕಿ ನಿಮ್ಮ ಹಾಳೆ. ನಾವು ಹಾಕಿದ್ದೇವೆ, ಮೂರು ವರ್ಷ ಆಯಿತು.

ಅನುಭವದ ಮೇಲೆ ಎರಡು ಮಾತು. ಅಕ್ಷರ ದಪ್ಪ ಇರಲಿ, ಸ್ಕೆಚ್ ಪೆನ್ ಬೇಡ, ಮಾರ್ಕರ್. ಬೆಳಿಗ್ಗೆ ಬೆಳಕು ಕಮ್ಮಿ ಇರುತ್ತದೆ. ಇನ್ನೊಂದು, ಓದು ಬರದವರು ತುಂಬಾ ಜನ ಇರುತ್ತಾರೆ, ಅವರಿಗೆ ಓದಿ ಹೇಳುವವರು ತಾನಾಗಿ ಹುಟ್ಟಿಕೊಳ್ಳುತ್ತಾರೆ. ನಮ್ಮಲ್ಲಿ ಸಂಜೆ ಹಾಲು ತರುವ ಏಳನೇ ಕ್ಲಾಸಿನ ಹುಡುಗನೊಬ್ಬ ಇದ್ದ, ಸಾಲಲ್ಲಿ ನಿಂತವರಿಗೆಲ್ಲ ಜೋರಾಗಿ ಓದುತ್ತಿದ್ದ, ಟಿವಿ ವಾರ್ತೆ ಥರ. ಅವನದು ಓದಿಯಾದ ಮೇಲೆಯೇ ಕೆಲವು ಅಜ್ಜಿಯರು ಹೊರಡುತ್ತಿದ್ದರು.

ಡೇರಿ ಇಲ್ಲದ ಊರಾದರೆ ನ್ಯಾಯಬೆಲೆ ಅಂಗಡಿ ಇದೆ, ಆದರೆ ಅದು ತಿಂಗಳಿಗೊಂದು ಸಲ. ಹಿಟ್ಟಿನ ಗಿರಣಿ ಪರವಾಗಿಲ್ಲ.

---

ಇಬ್ಬರು_ಮಕ್ಕಳ_ಅಪ್ಪ:

ನಿಮ್ಮ ಕಷ್ಟ ಒಂದು ಥರ, ನಮ್ಮದು ಇನ್ನೊಂದು ಥರ. ಬೆಂಗಳೂರು, ಖಾಸಗಿ ಶಾಲೆ (ಹೆಸರು ಬೇಡ). ಅವರದೇ ಆ್ಯಪ್ ಇದೆ, ಅದಕ್ಕೆ ಫೀಸಿನಲ್ಲೇ ದುಡ್ಡು ತಗೊಳ್ಳುತ್ತಾರೆ. ಹೋದ ವಾರ ಎಣಿಸಿದೆ, ಸೋಮವಾರದಿಂದ ಶುಕ್ರವಾರಕ್ಕೆ 14 ಸಂದೇಶ. ಹಳದಿ ಬಟ್ಟೆ ದಿನ, ಹಣ್ಣಿನ ದಿನ, ಯಾವುದೋ ಒಲಿಂಪಿಯಾಡ್‌ಗೆ ದುಡ್ಡು ಕಟ್ಟಿ, ಇನ್ಯಾವುದೋ ಒಲಿಂಪಿಯಾಡ್‌ಗೆ ದುಡ್ಡು ಕಟ್ಟಿ. ಇದರ ಮಧ್ಯೆ ಗುರುವಾರ ಶಾಲೆ ಅರ್ಧ ದಿನ ಅನ್ನುವುದು ಒಂದು ಸಾಲು. ತಪ್ಪಿಹೋಯಿತು. ಮಗಳು ಗೇಟಿನ ಹತ್ತಿರ ಒಂದೂವರೆ ಗಂಟೆ ಕೂತಿದ್ದಳು. ಹಾಗಾಗಿ ಜಾಸ್ತಿ ಹೇಳಿದರೂ ಹೇಳದೆ ಇದ್ದರೂ ಒಂದೇ.

ಫೋಟೋ ವಿಷಯ ಕೇಳಿದ್ದೀರಿ, ಅದಕ್ಕೆ ಬರುತ್ತೇನೆ. ದೊಡ್ಡವನು ಮೊದಲು ಓದುತ್ತಿದ್ದ ಶಾಲೆಯಲ್ಲಿ ವಾರದ ಸುದ್ದಿ ಅಂತ ಮಕ್ಕಳ ಫೋಟೋ, ಪೂರ್ತಿ ಹೆಸರು, ಸೆಕ್ಷನ್ ಎಲ್ಲ ಹಾಕಿ ಫೇಸ್‌ಬುಕ್ ಪುಟಕ್ಕೂ ಏರಿಸುತ್ತಿದ್ದರು. ನಮ್ಮನ್ನು ಒಂದು ಮಾತು ಕೇಳಲಿಲ್ಲ. ಅದು ಹೋಗಲಿ ಅಂದರೆ ಒಂದು ಸಲ ಕ್ಲಾಸಿನ ಗುಂಪಿನಲ್ಲಿ ಫೀಸು ಬಾಕಿ ಇರುವ ಮಕ್ಕಳ ಪಟ್ಟಿ ಹಾಕಿಬಿಟ್ಟರು. ಅದರಲ್ಲಿ ನಮ್ಮವನ ಹೆಸರು ಇತ್ತು, ಆ ವರ್ಷ ನನಗೆ ಕೆಲಸ ಹೋಗಿತ್ತು. ಮಾರನೇ ದಿನ ಅವನು ಶಾಲೆಗೆ ಹೋಗಲ್ಲ ಅಂತ ಹಠ ಮಾಡಿದ. ಎಂಟು ವರ್ಷದ ಹುಡುಗ, ಅವನಿಗೆ ಯಾರೋ ಹೇಳಿದ್ದರು.

2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಬೇಕಾದರೆ ತಂದೆ ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ಹಳ್ಳಿ ಶಾಲೆಯ ಗುಂಪಿಗೆ ಕಾನೂನು ಓದಿ ಹೆದರಿಸುತ್ತಿಲ್ಲ. ವರ್ಷದ ಮೊದಲ ಸಭೆಯಲ್ಲಿ "ಮಗುವಿನ ಫೋಟೋ ಗುಂಪಿನಲ್ಲಿ ಹಾಕಬಹುದಾ" ಅಂತ ಒಂದು ಸಹಿ ತಗೊಳ್ಳಿ, ಬೇಡ ಅಂದವರದ್ದು ಹಾಕಬೇಡಿ, ಅಷ್ಟೇ. ಹನ್ನೆರಡು ಫೋಟೋ ಯಾರಿಗೂ ಬೇಡ. ಹಳ್ಳಿಯ ನೆಟ್‌ವರ್ಕಿನಲ್ಲಿ ಅವು ಡೌನ್‌ಲೋಡೂ ಆಗುವುದಿಲ್ಲ. ಮಕ್ಕಳು ಕೈಯಲ್ಲಿ ಬರೆದ ಹಾಳೆಯದ್ದೇ ಒಂದು ಫೋಟೋ ಹಾಕಿ.

---

ಮಳೆ_ರಜೆ_ಮಾಸ್ಟ್ರು:

ಪುತ್ತೂರಿನ ಕಡೆಯಿಂದ. ಇಲ್ಲಿ ವಾರದ ಸುದ್ದಿ ಅಂದರೆ ಜುಲೈಯಲ್ಲಿ ಒಂದೇ ಸುದ್ದಿ ಮಾರಾಯ್ರೆ, ನಾಳೆ ರಜೆ ಉಂಟಾ ಇಲ್ವಾ.

ಜಿಲ್ಲಾಧಿಕಾರಿಗಳ ರಜೆ ಆದೇಶ ಒಂದು ಸಲ ಬಂದರೆ, ಮುಂದಿನ ವಾರ ಅದರ ತಾರೀಕು ಮಾತ್ರ ಬದಲಾಯಿಸಿ ಯಾರಾದರೂ ಹರಿಬಿಡುತ್ತಾರೆ. ಆರು ಗುಂಪು ಸುತ್ತಿ ನಮ್ಮ ಗುಂಪಿಗೂ ಬರುತ್ತದೆ. ಒಮ್ಮೆ ಹಾಗೆ ಬಂದದ್ದನ್ನು ಒಬ್ಬರು ಪೋಷಕರು ನಮ್ಮ ಗುಂಪಿಗೆ ಹಾಕಿ, ಮರುದಿನ ಅರ್ಧ ಶಾಲೆ ಖಾಲಿ. ಬಿಸಿಯೂಟಕ್ಕೆ ಅಕ್ಕಿ ಅಳೆದು ಹಾಕಿ ಆಗಿತ್ತು.

ಆಮೇಲೆ ಎರಡು ಮಾಡಿದೆವು. ಗುಂಪಿನಲ್ಲಿ ಶಾಲೆಯವರು ಮಾತ್ರ ಹಾಕುವ ಹಾಗೆ ಸೆಟ್ಟಿಂಗ್ ಬದಲಾಯಿಸಿದೆವು. ಪೋಷಕರಿಗೆ ಹೇಳಲಿಕ್ಕೆ ಏನಾದರೂ ಇದ್ದರೆ ಫೋನ್ ಮಾಡುತ್ತಾರೆ, ಹಬ್ಬದ ಶುಭಾಶಯದ ಹೂವುಗಳ ಕಾಟವೂ ತಪ್ಪಿತು. ಎರಡನೆಯದು, ರಜೆ ಇದ್ದರೆ ಹೆಡ್ ಟೀಚರ್ ತಮ್ಮ ಸ್ವರದಲ್ಲೇ ವಾಯ್ಸ್ ಹಾಕುತ್ತಾರೆ. ಸ್ವರ ಕೇಳದೆ ನಂಬಬೇಡಿ ಅಂತ ಮೊದಲೇ ಹೇಳಿಟ್ಟಿದ್ದೇವೆ. ಹಾಗೆ ಶುರುವಾದ ವಾಯ್ಸ್ ಈಗ ವಾರದ ಸುದ್ದಿಗೂ ಬಂದಿದೆ. ಒಂದು ನಿಮಿಷ, ಅದಕ್ಕಿಂತ ಜಾಸ್ತಿ ಇಲ್ಲ. ಓದಲಿಕ್ಕೆ ಪುರುಸೊತ್ತಿಲ್ಲದವರು ಬೀಡಿ ಕಟ್ಟುತ್ತಾ ಕೇಳುತ್ತಾರೆ.

ಹಾಂ, ಇನ್ನೊಂದು. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿ ಫೈಲ್ ಕಳಿಸುವವರು ದಯವಿಟ್ಟು ಯೂನಿಕೋಡ್‌ನಲ್ಲಿ ಮಾಡಿ, ಇಲ್ಲವಾದರೆ ಪಿಡಿಎಫ್ ಮಾಡಿ. ಮೊಬೈಲಿನಲ್ಲಿ ತೆರೆದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿಯಾಗಿ ಏನೋ ಗುಪ್ತ ಸಂದೇಶದ ಹಾಗೆ ಕಾಣುತ್ತದೆ. ನಮ್ಮಲ್ಲಿ ಒಂದು ವರ್ಷ ಹಾಗೇ ಹೋಯಿತು, ಯಾರೂ ಓದಲಾಗುತ್ತಿಲ್ಲ ಅಂತ ಒಬ್ಬರೂ ಹೇಳಲಿಲ್ಲ, ಹೆಬ್ಬೆರಳು ಮಾತ್ರ ಬರುತ್ತಿತ್ತು!

---

ಎರಡು_ಕೊಠಡಿ_ಮೇಷ್ಟ್ರು:

ಎಲ್ಲರಿಗೂ ಧನ್ಯವಾದ. ಹಾಸನದ ಮೇಡಂ, ನಿನ್ನೆ ಶುಕ್ರವಾರ ಚೀಟಿ ಬರೆಸಿದೆ. ಚೆನ್ನಾಗಿ ಬಂದಿವೆ. ಆದರೆ ಎರಡು ಚೀಟಿ ಕೈಯಲ್ಲಿ ಹಿಡಿದು ಕೂತಿದ್ದೇನೆ, ಏನು ಮಾಡಬೇಕು ಗೊತ್ತಾಗುತ್ತಿಲ್ಲ.

ಒಂದು: "ಮಂಗಳವಾರ ಬುಧವಾರ ಮೇಷ್ಟ್ರು ಬರಲಿಲ್ಲ. ನಾವು ಮೂರನೇ ಕ್ಲಾಸಿನ ಜೊತೆ ಕೂತೆವು. ಆಡಿದೆವು." ನಿಜ. ತಾಲೂಕಿನಲ್ಲಿ ತರಬೇತಿ ಇತ್ತು. ಇದನ್ನು ಡೇರಿ ಗೋಡೆಗೆ ಹಾಕಿದರೆ ಊರವರು ಏನಂದುಕೊಳ್ಳುತ್ತಾರೆ?

ಇನ್ನೊಂದು: ಒಬ್ಬ ಹುಡುಗ ಮನೆಯಲ್ಲಿ ರಾತ್ರಿ ನಡೆದ ಜಗಳ ಬರೆದಿದ್ದಾನೆ. ಅಪ್ಪ ಕುಡಿದು ಬಂದದ್ದು. ಪೂರ್ತಿ ಇಲ್ಲಿ ಬರೆಯುವುದಿಲ್ಲ.

---

ಸೀಮೆಸುಣ್ಣ_ಅಜ್ಜ:

ಧಾರವಾಡ ಜಿಲ್ಲಾದಾಗ 34 ವರ್ಷ ಮಾಸ್ತರಕಿ ಮಾಡಿ ನಿವೃತ್ತ ಆದವ ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ರಿ.

ಮೊದಲನೇ ಚೀಟಿ ಹಾಕ್ರಿ. ಕಣ್ಣು ಮುಚ್ಚಿಕೊಂಡು ಹಾಕ್ರಿ. ನೀವು ಬರಲಿಲ್ಲ ಅನ್ನೋದು ಊರಿಗೆ ಆಗಲೇ ಗೊತ್ತದ, ಗೊತ್ತಿಲ್ಲದ್ದು ಯಾಕೆ ಬರಲಿಲ್ಲ ಅನ್ನೋದು. ಅದರ ಕೆಳಗೆ ನಿಮ್ಮ ಕೈಯಿಂದ ಒಂದು ಸಾಲು ಬರೀರಿ, "ಎರಡು ದಿನ ತರಬೇತಿಗೆ ಹೋಗಿದ್ದೆ, ಗುರುವಾರ ಆ ಪಾಠ ಮಾಡಿದ್ದೇನೆ." ಅದನ್ನು ತೆಗೆದರೆ ಏನಾಗುತ್ತದೆ ಗೊತ್ತೇನು? ಮುಂದಿನ ವಾರ ಆ ಹುಡುಗ ಅಷ್ಟೇ ಅಲ್ಲ, ಎಲ್ಲಾ ಮಕ್ಕಳೂ "ಸ್ವಚ್ಛತಾ ಕಾರ್ಯ ನೆರವೇರಿತು" ಅಂತ ಬರೆಯಲು ಶುರು ಮಾಡುತ್ತಾರೆ. ಮಕ್ಕಳು ಬಲು ಶಾಣ್ಯಾ, ನಮಗೆ ಏನು ಬೇಕು ಅನ್ನೋದು ಎರಡು ವಾರದಾಗ ಹಿಡಿಯುತ್ತಾರೆ.

ಇದು ನನಗೆ ಹೆಂಗ ಗೊತ್ತು ಅಂದರೆ, ನಾನೇ ಹಾಗೆ ಮಾಡಿ ಕೆಡಿಸಿದ್ದೇನೆ. 80ರ ದಶಕದಾಗ ನಾವು ಕೈಬರಹದ ಪತ್ರಿಕೆ ಮಾಡುತ್ತಿದ್ದೆವು, ತಿಂಗಳಿಗೊಂದು, ಒಂದೇ ಪ್ರತಿ. ಹಾಳೆಗೆ ಅರಿಶಿಣದ ಬಣ್ಣ ಬಳಿದು ಅಂಚು ಮಾಡಿ, ದಾರದಲ್ಲಿ ಹೊಲಿಯುತ್ತಿದ್ದೆವು. ಒಂದು ಹುಡುಗಿ "ನಮ್ಮ ಶಾಲೆಯ ಮಾಳಿಗೆ ಸೋರುತ್ತದೆ, ಮಾಸ್ತರರ ಟೇಬಲ್ ಮಾತ್ರ ಒಣಗಿರುತ್ತದೆ" ಅಂತ ಬರೆದಿದ್ದಳು. ತಪಾಸಣೆಗೆ ಸಾಹೇಬರು ಬರುವವರಿದ್ದರು ಅಂತ ನಾನು ಆ ಹಾಳೆ ಕಿತ್ತು ತೆಗೆದೆ. ಆ ಹುಡುಗಿ ಆಮೇಲೆ ಬರೆದದ್ದೆಲ್ಲ ಸುಭಾಷಿತ. "ಸತ್ಯವನ್ನೇ ನುಡಿಯಬೇಕು" ಅಂತೂ ಬರೆದಳು ನೋಡ್ರಿ, ನನಗೆ ಬೇಕಂತಲೇ ಬರೆದಳೋ ಏನೋ. ಮಾಳಿಗೆ ಮತ್ತೆ ನಾಲ್ಕು ವರ್ಷ ಸೋರಿತು.

ಎರಡನೇ ಚೀಟಿ ಹಾಕಬ್ಯಾಡ್ರಿ. ಮನೆಯ ಮಾತು ಗೋಡೆಗೆ ಬರಬಾರದು. ಆದರೆ ಹರಿದೂ ಒಗೀಬ್ಯಾಡ್ರಿ. ಅವನು ಅದನ್ನು ಪತ್ರಿಕೆಗೆ ಬರೆದಿಲ್ಲ, ನಿಮಗೆ ಬರೆದಿದ್ದಾನೆ. ಸೋಮವಾರ ಊಟದ ಹೊತ್ತಿಗೆ ಪಕ್ಕದಾಗ ಕುಂಡರಿಸಿಕೊಂಡು ಮಾತಾಡ್ರಿ. ಹೊಡೆತ ಬಡಿತ ಇದ್ದರೆ ಮಕ್ಕಳ ಸಹಾಯವಾಣಿ 1098 ಇದೆ, ಆ ನಂಬರ್ ಶಾಲೆಯ ಗೋಡೆಗೆ ಹೆಂಗೂ ಬರೆದಿರುತ್ತಾರೆ, ನಾವು ಬಣ್ಣ ಬಳಿದು ಮರೆಯುತ್ತೇವೆ. ಮತ್ತ ಆ ಹುಡುಗನಿಗೆ ಇನ್ನೊಂದು ಚೀಟಿ ಕೊಟ್ಟು ಬೇರೆ ಒಂದು ಸಾಲು ಬರೆಸಿ ಅದನ್ನು ಹಾಕ್ರಿ. ಅವನ ಹೆಸರು ಗೋಡೆ ಮೇಲೆ ಬರಬೇಕು. ಬರದಿದ್ದರೆ ತಾನು ತಪ್ಪು ಮಾಡಿದೆ ಅಂದುಕೊಳ್ಳುತ್ತಾನೆ.

---

ಥೇಮ್ಸ್_ದಂಡೆ_ಅಮ್ಮ:

ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ, ಮಗ ಇಲ್ಲಿ ಪ್ರೈಮರಿ ಶಾಲೆಯಲ್ಲಿ ಎರಡನೇ ವರ್ಷ. ಅಜ್ಜ ಬರೆದದ್ದನ್ನು ಎರಡು ಸಲ ಓದಿದೆ.

ಇಲ್ಲಿ ಪ್ರತಿ ಶುಕ್ರವಾರ ಸಂಜೆ ಇಮೇಲ್‌ಗೆ ಶಾಲೆಯ ವಾರದ ಪತ್ರ ಬರುತ್ತದೆ. ಬಣ್ಣ ಬಣ್ಣ, ಚೆಂದ. ಈ ವಾರದ ನಕ್ಷತ್ರ ಯಾರು, ಯಾವ ತರಗತಿಯ ಹಾಜರಿ ಜಾಸ್ತಿ, ತಲೆಯಲ್ಲಿ ಹೇನು ಬಂದಿದೆ ನೋಡಿಕೊಳ್ಳಿ (ಹೌದು, ಇಲ್ಲೂ ಹೇನು!), ಕೇಕ್ ಮಾರಾಟ ಇದೆ, ಡಬ್ಬಿಯಲ್ಲಿ ಕಡಲೆಕಾಯಿ ಕಳಿಸಬೇಡಿ. ಶಾಲೆ ನಡೆಯುವಾಗ ರಜೆ ಹಾಕಿ ಊರಿಗೆ ಕರೆದುಕೊಂಡು ಹೋದರೆ ದಂಡ ಅನ್ನುವುದನ್ನು ವರ್ಷಕ್ಕೆ ಹತ್ತು ಸಲ ಹಾಕುತ್ತಾರೆ. 2024ರ ಆಗಸ್ಟ್‌ನಿಂದ ಒಂದು ಮಗುವಿಗೆ ಒಬ್ಬೊಬ್ಬ ಪೋಷಕರಿಗೆ 80 ಪೌಂಡ್, 21 ದಿನದಲ್ಲಿ ಕಟ್ಟದಿದ್ದರೆ 160. ಅತ್ತೆ ಮನೆಯ ಗೃಹಪ್ರವೇಶಕ್ಕೆ ಬರಲಿಲ್ಲ ಅಂತ ಊರಲ್ಲಿ ಎಲ್ಲರಿಗೂ ಕೋಪ, ಇದನ್ನು ಯಾರಿಗೆ ಅಂತ ಹೇಳಲಿ.

ಚೆಂದ ಇದ್ದರೂ ನಾನು ಪೂರ್ತಿ ಓದುತ್ತಿರಲಿಲ್ಲ. ಮೊದಲ ವರ್ಷ ಮಾರ್ಚ್ ಮೊದಲ ಗುರುವಾರ ಇಲ್ಲಿ ವಿಶ್ವ ಪುಸ್ತಕ ದಿನ. ಎಲ್ಲ ಮಕ್ಕಳೂ ಕಥೆಯ ಪಾತ್ರಗಳ ವೇಷ ಹಾಕಿಕೊಂಡು ಬಂದಿದ್ದರು, ನಮ್ಮವನೊಬ್ಬ ಯೂನಿಫಾರ್ಮ್‌ನಲ್ಲಿ. ಸುದ್ದಿ ಮೂರನೇ ಪುಟದಲ್ಲಿತ್ತು. ಗೇಟಿನ ಹತ್ತಿರ ಅವನು ನನ್ನ ಮುಖ ನೋಡಿದ್ದು ಇವತ್ತಿಗೂ ಮರೆತಿಲ್ಲ. ನಿಮ್ಮ ಅವರೆಕಾಯಿ ಹುಡುಗಿಯ ಕಥೆ ಓದಿ ಅದೇ ನೆನಪಾಯಿತು, ಅದಕ್ಕೇ ಬರೆಯಲು ಕೂತೆ.

ಆದ ಮೇಲೆ ಪೋಷಕರೆಲ್ಲ ಗಲಾಟೆ ಮಾಡಿ ಒಂದು ಬದಲಾವಣೆ ಮಾಡಿಸಿದೆವು. ಈಗ ಪತ್ರದ ತಲೆಯಲ್ಲೇ ಮುಂದಿನ ವಾರದ್ದು: ಯಾವ ದಿನ, ಏನು ತರಬೇಕು, ಎಷ್ಟು ಹೊತ್ತಿಗೆ ಬಿಡುತ್ತಾರೆ. ಆದದ್ದೆಲ್ಲ ಆಮೇಲೆ. ಸರ್, ಮುಗಿದ ವಾರ ಮಗುವಿನ ಖುಷಿಗೆ, ಬರುವ ವಾರ ಅಮ್ಮನ ಕೆಲಸಕ್ಕೆ. ಅಮ್ಮನದ್ದನ್ನು ಮೇಲೆ ಹಾಕಿ.

---

ಎರಡು_ಕೊಠಡಿ_ಮೇಷ್ಟ್ರು:

ಮೂರು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಮೊದಲ ಹಾಳೆಯನ್ನು ಡೇರಿ ಗೋಡೆಗೆ ಅಂಟಿಸಿದೆವು. ಅಜ್ಜ ಹೇಳಿದ ಹಾಗೆ ಮೇಷ್ಟ್ರು ಬರದ ಚೀಟಿಯೂ ಇತ್ತು, ನನ್ನ ಸಾಲೂ ಇತ್ತು. ಸೋಮವಾರ ಒಬ್ಬರು ಬಂದು "ಟ್ರೈನಿಂಗ್ ಎಂಗಿತ್ತು ಮೇಷ್ಟ್ರೇ, ಊಟ ಹಾಕಿದ್ರಾ" ಅಂತ ಕೇಳಿದರು. ಅಷ್ಟೇ. ಇನ್ನೊಂದು ಚೀಟಿಯ ಹುಡುಗನ ಜೊತೆ ಮಾತಾಡಿದೆ, ಅವರಮ್ಮನ ಜೊತೆಗೂ. ಅದರ ಬಗ್ಗೆ ಇಲ್ಲಿ ಹೆಚ್ಚು ಬೇಡ. ಅವನು "ನಾನು ಕೋಳಿಮರಿಗೆ ಹೆಸರು ಇಟ್ಟೆ" ಅಂತ ಬರೆದ, ಅದು ಹಾಳೆಯ ಮಧ್ಯದಲ್ಲಿ ಬಂತು.

ಎಡವಟ್ಟೂ ಆಯಿತು. ಎರಡನೇ ವಾರ ಹಾಳೆಗೆ ಮೈದಾ ಗೋಂದು ಹಚ್ಚಿದ್ದೆವು, ರಾತ್ರಿ ಇಲಿ ತಿಂದು ಹಾಕಿತ್ತು. ಬುಧವಾರದಿಂದ ಶುಕ್ರವಾರದ ತನಕ ಸುದ್ದಿ ಇಲ್ಲ, ಇಲಿಯ ಹಲ್ಲಿನ ಗುರುತು ಮಾತ್ರ. ಈಗ ಡೇರಿಯವರೇ ಒಂದು ತಗಡಿನ ಹಲಗೆ ಹೊಡೆದು ಕೊಟ್ಟಿದ್ದಾರೆ, ಕ್ಲಿಪ್ ಹಾಕುತ್ತೇವೆ. ಶನಿವಾರ ಒಂದು ನಿಮಿಷದ ವಾಯ್ಸ್ ಕೂಡ ಶುರು ಮಾಡಿದ್ದೇನೆ. ನಾನಲ್ಲ, ಆ ವಾರದ ಸಂಪಾದಕರು ಓದುತ್ತಾರೆ. ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿರುವ ಒಬ್ಬ ತಂದೆ ಅದಕ್ಕೆ ವಾಪಸ್ ವಾಯ್ಸ್ ಕಳಿಸಿದರು, ಮಗಳು ಓದಿದ್ದಕ್ಕೆ. ಗುಂಪು ಶುರುವಾದ ಮೇಲೆ ಅವರು ಮಾತಾಡಿದ್ದು ಅದೇ ಮೊದಲು. ಪುತ್ತೂರಿನ ಸರ್, ಹಾಗಾಗಿ ಗುಂಪಿನ ಸೆಟ್ಟಿಂಗ್ ಬದಲಾಯಿಸಲಿಲ್ಲ, ಹೂವಿನ ಶುಭಾಶಯ ಬಂದರೆ ಬರಲಿ.

ಈಗ ರಾಗಿ ಕೊಯ್ಲು ನಡೆಯುತ್ತಿದೆ. ಹೋದ ವಾರ 31ರಲ್ಲಿ ಒಂಬತ್ತು ಮಕ್ಕಳು ಬರಲಿಲ್ಲ. ಹಾಜರಿಯ ಬಗ್ಗೆ ನಾನೊಂದು ಭಾಷಣ ಬರೆಯೋಣ ಅಂತಿದ್ದೆ, ಅಷ್ಟರಲ್ಲಿ ನಾಲ್ಕನೇ ತರಗತಿಯವನು ಚೀಟಿ ತಂದುಕೊಟ್ಟ: "ಕಣಕ್ಕೆ ಹೋದವರು ಬೇಗ ಬನ್ನಿ. ಖೋಖೋ ಆಡಲು ಜನ ಸಾಲುತ್ತಿಲ್ಲ." ಅದನ್ನೇ ಮೇಲೆ ಹಾಕಿದ್ದೇನೆ.

ಮುಂದಿನ ವಾರದ ತಲೆಸಾಲು ಇದು, ಸರಿ ಇದೆಯಾ ನೋಡಿ ಹೇಳಿ: "ಬುಧವಾರ ಕ್ಲಸ್ಟರ್ ಪ್ರತಿಭಾ ಕಾರಂಜಿ. ಐದು ಮಕ್ಕಳು ಹೋಗುತ್ತಾರೆ, ಬೆಳಿಗ್ಗೆ 8ಕ್ಕೆ ಡೇರಿ ಹತ್ತಿರ ಇರಲಿ. ಊಟ ಅಲ್ಲೇ. ಛದ್ಮವೇಷಕ್ಕೆ ಒಂದು ಹಳೇ ಕಂಬಳಿ ಬೇಕು, ಯಾರ ಮನೆಯಲ್ಲಿದೆ?"

---

ಹಾಲು_ಡೇರಿ_ಲೆಕ್ಕ:

ಸರಿ ಇದೆ. "ಹಳೇ ಕಂಬಳಿ" ಅಂತ ಬರೆಯಬೇಡಿ ಮೇಷ್ಟ್ರೇ, "ಕಂಬಳಿ" ಅಂತ ಬರೆಯಿರಿ. ಹಳೇದು ಅಂದರೆ ಯಾರೂ ತರಲ್ಲ, ಸಂಕೋಚ ಪಡುತ್ತಾರೆ.